ಕಿಟಕಿಯ ಹೊರಗಿನ ಗಾಡಿ

ಜಿನೋವಾ,
೧೪ ಜೂನ್ ೧೯೫೯

ಪ್ರೀತಿಯ ಗುಡ್ರುನ್ ಅಕ್ಕನಿಗೆ,

ಆಪರೇಷನ್ ಗಾಯ ಮಾಗಿತೇ? ಹೊಲಿಗೆ ಬಿಚ್ಚಿದರೇ? ಆಸ್ಪತ್ರೆಯಲ್ಲಿ ನೀನು ಕಾಗದದ ದಾರಿ ಕಾಯುತ್ತಿರುತ್ತೀ ಎಂದು ಗೊತ್ತಿದ್ದೂ ಹತ್ತು ದಿನ ಸುಮ್ಮನಿದ್ದೆ, ಬೈಯಬೇಡ. ಮೊದಲೇ ಹೇಳಿಬಿಡುತ್ತೇನೆ: ಮೈಕೆನ್ ಚೆನ್ನಾಗಿದ್ದಾಳೆ. ನನ್ನ ಮಗಳಿಗೆ ಎರಡನೇ ಹಲ್ಲು ಬಂದಿದೆ.

ಚಿತ್ರೀಕರಣ ನಿನಗೆ ನಗು ತರಿಸುವಂಥದ್ದೇ. ಮೂವರು ಡೇನಿಶ್ ಹುಡುಗಿಯರು ಇಟಲಿ ನೋಡಲು ಬಂದು ಹೋದಲ್ಲೆಲ್ಲ ಫಜೀತಿ ಪಡುವುದೇ ಕಥೆ. ನಿರ್ದೇಶಕ ಥೋರ್ವಾಲನಿಗೆ ತೃಪ್ತಿಯಾಗುವಷ್ಟರಲ್ಲಿ ನನ್ನ ಜೊತೆಗಾತಿ ಯುಟ್ಟೆ ಸ್ಕೂಟರಿನಿಂದ ನಾಲ್ಕು ಸಲ ಮೀನಿನ ಬುಟ್ಟಿಗೆ ಬಿದ್ದಳು. "ನನಗಿಂತ ಈ ಮೀನೇ ಚೆನ್ನಾಗಿ ನಟಿಸ್ತಿದೆ ಕಣೇ" ಅಂದಳು. ಇಲ್ಲಿ ಮಾತ್ರ ಮೈಕೆನ್ ನಿನ್ನ ಮಗಳು, ನೀನು ಆಸ್ಪತ್ರೆಯಲ್ಲಿದ್ದೀಯೆಂದು ಜೊತೆಗೆ ತಂದಿದ್ದೇನೆ ಎಂದೇ ಎಲ್ಲರಿಗೂ ಹೇಳಿದ್ದೇನೆ. ಮದುವೆಯಾಗದ ನಾನು ಅವಳ ತಾಯಿ ಎಂದು ತಿಳಿದರೆ ಥೋರ್ವಾಲ್ ಮರುದಿನವೇ ನನ್ನನ್ನು ರೈಲು ಹತ್ತಿಸುತ್ತಾನೆ.

ನಾಲ್ಕನೇ ತಾರೀಕು ಕೆಫೆಯೊಳಗೆ ನನ್ನ ದೃಶ್ಯವಿತ್ತು. ನಮ್ಮೂರು ಓಡೆನ್ಸೆಯಲ್ಲಿ ಎಲ್ಲ ತಾಯಂದಿರೂ ಮಾಡುವಂತೆಯೇ ಮಾಡಿದೆ. ಮೈಕೆನ್‌ಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಹೊದಿಸಿ, ಗಾಡಿಯನ್ನು ಕಿಟಕಿಯ ಹೊರಗೆ ನೆರಳಲ್ಲಿ ನಿಲ್ಲಿಸಿ ಒಳಗೆ ಹೋದೆ. ಮಗು ಒಳ್ಳೆಯ ಗಾಳಿಯಲ್ಲಿ ಮಲಗಬೇಕಲ್ಲವೇ, ಒಳಗಿನ ಸಿಗರೇಟಿನ ಹೊಗೆಯಲ್ಲಿ ಮಲಗಿಸಲೇ? ಕಾಲು ಗಂಟೆ ಆಗಿತ್ತೋ ಏನೋ. ತಲೆಯೆತ್ತಿ ನೋಡಿದರೆ ಗಾಡಿ ಇಲ್ಲ.

ಅಕ್ಕ, ಎದ್ದು ಹೊರಗೆ ಬಂದೆ, ಬೀದಿಯಲ್ಲೂ ಇಲ್ಲ. ಆಮೇಲೆ ಓಡಿದೆ. ಬಂದರಿಗೆ ಇಳಿಯುವ ಒಂದೊಂದು ಓಣಿಯಲ್ಲೂ ಅವಳ ಹೆಸರು ಕೂಗಿದೆ. ಕಾಲಲ್ಲಿದ್ದ ಚಪ್ಪಲಿ ಎಲ್ಲಿ ಬಿದ್ದವೋ ತಿಳಿಯದು. ಹಡಗು ಕೂಗಿದಾಗಲೆಲ್ಲ ಅದರಲ್ಲೇ ಅವಳನ್ನು ಒಯ್ದರು ಅನಿಸುತ್ತಿತ್ತು. ಹಿಂದೆ ನಾಲ್ಕೈದು ಜನ ಓಡಿಬರುತ್ತಿದ್ದರು, ಸಹಾಯಕ್ಕೆ ಎಂದುಕೊಂಡೆ. ತಿರುಗಿದರೆ ಕ್ಯಾಮೆರಾ! ಥೋರ್ವಾಲ್ ಕೂಗುತ್ತಿದ್ದ: "ನಿಲ್ಲಬೇಡ ಬಿರ್ತೆ, ಹಾಗೇ ಓಡು! ಜನ ಬಿದ್ದು ಬಿದ್ದು ನಗ್ತಾರೆ!"

ಮೀನು ಮಾರುವ ಹೆಂಗಸೊಬ್ಬಳಿಗೆ ಭಾಷೆ ಬಾರದೆ, ಎರಡು ಕೈಯಲ್ಲಿ ಮಗು ತೂಗುವಂತೆ ಮಾಡಿ ತೋರಿಸಿದೆ. ಅವಳು ನನ್ನನ್ನು ಪೊಲೀಸ್ ಠಾಣೆಗೆ ಎಳೆದೊಯ್ದಳು. ಅಲ್ಲಿ ಮೈಕೆನ್ ಪೊಲೀಸನ ತೊಡೆಯ ಮೇಲೆ ಕುಳಿತು ಅವನ ಟೋಪಿಯ ಅಂಚು ಚೀಪುತ್ತಿದ್ದಳು. ಯಾರೋ ಮಗುವನ್ನು ಬಿಟ್ಟುಹೋಗಿದ್ದಾರೆಂದು ಬೀದಿಯ ಹೆಂಗಸರೇ ಗಾಡಿ ತಳ್ಳಿಕೊಂಡು ಬಂದಿದ್ದರಂತೆ. ಅಷ್ಟರಲ್ಲಿ ಥೋರ್ವಾಲನೂ ನಮ್ಮ ದುಭಾಷಿಯೂ ಬಂದರು. ಮೀನಿನಾಕೆ ಬೈದದ್ದೇ ಬೈದದ್ದು.

"ಬೆಕ್ಕಿನ ಮರೀನೂ ಯಾರೂ ಹೀಗೆ ಬೀದೀಲಿ ಬಿಟ್ಟು ಹೋಗಲ್ವಂತೆ. ನೀನೆಂಥ ಹೆಂಗಸು ಅಂತ ಕೇಳ್ತಿದಾಳೆ" ಎಂದ ದುಭಾಷಿ.

"ನಮ್ಮೂರಲ್ಲಿ ಎಲ್ಲರೂ ಬಿಡ್ತಾರೆ" ಅಂದೆ. ಅವಳು ನಂಬಲಿಲ್ಲ.

ಈಗ ಊಟಕ್ಕೆ ಕೂತರೂ ಗಾಡಿಯ ಹಿಡಿಗೆ ಸ್ಕಾರ್ಫ್ ಬಿಗಿದು ನನ್ನ ಕೈಗೆ ಕಟ್ಟಿಕೊಳ್ಳುತ್ತೇನೆ. ನೀನು ಬೇಗ ಎದ್ದು ಓಡಾಡುವಂತಾಗಲಿ. ಈ ಚಿತ್ರ ಬಂದಾಗ ನೋಡಲು ಹೋಗಬೇಡ. ಆ ಓಣಿಯ ದೃಶ್ಯಕ್ಕೆ ಎಲ್ಲರೂ ನಗುತ್ತಾರೆ.

ನಿನ್ನ ತಂಗಿ,
ಬಿರ್ತೆ

ತಾ.ಕ.: ಇದನ್ನು ಬರೆಯಲು ಹೆದರಿಯೇ ಹತ್ತು ದಿನ ತಡವಾಯಿತು. ಠಾಣೆಯಲ್ಲಿ ಮಗುವಿನ ತಾಯಿ ಯಾರೆಂದು ಕೇಳಿದರು. ಥೋರ್ವಾಲ್ ಪಕ್ಕದಲ್ಲೇ ನಿಂತಿದ್ದ. ನಿನ್ನ ಹೆಸರು ಬರೆಸಿ, ಕೆಳಗೆ ಚಿಕ್ಕಮ್ಮ ಎಂದು ಸಹಿ ಹಾಕಿದೆ. ಮೈಕೆನ್‌ಳನ್ನು ನನಗೆ ದತ್ತು ಕೊಡು ಎಂದು ನೀನು ಎರಡು ಸಲ ಕೇಳಿದಾಗಲೂ ಜೀವ ಹೋದರೂ ಕೊಡೆನೆಂದವಳು ನಾನು. ಸಹಿ ಹಾಕಿದ ಕೂಡಲೇ ನನಗೆ ಹೊರೆ ಇಳಿದಂತೆ ಹಗುರವಾಯಿತು, ಅಕ್ಕ. ಅವತ್ತಿನಿಂದ ನನಗೆ ಅದರದ್ದೇ ಭಯ.