ಅವಸರದ ಆಮೆನ್

ಕರಿಯೆರೆ ಊರು, ಕೆಳಗಿನ ಓಣಿ
ಕ್ರಿಸ್ತಶಕ ೨೨೩೧, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ನಮಗಿಂತ ಮೊದಲು ಬಾಳುತ್ತಿರುವ ಹಿರಿಯರಿಗೆ,

ಹದಿಮೂರನೆಯ ತಿಂಗಳೆಂದು ಓದಿ ನೀವು ನಕ್ಕಿರಬೇಕು. ಬರೆದವನಿಗೆ ಎಣಿಕೆ ಬಾರದೆಂದು ತಿಳಿಯಬೇಡಿ. ನಮ್ಮ ಕಾಲದಲ್ಲಿ ಏಪ್ರಿಲ್ ಮುಗಿದ ಮೇಲೆ, ಮೇ ಹುಟ್ಟುವ ಮೊದಲು, ಬಿಡುತಿಂಗಳು ಎಂಬುದೊಂದು ಬರುತ್ತದೆ. ಕೊನೆಗೆ ಸೇರಿಸಿದ ತಿಂಗಳಾದ್ದರಿಂದ ಹದಿಮೂರನೆಯದು ಅನ್ನುತ್ತೇವೆ. ಆ ತಿಂಗಳ ಬಿಸಿಲಿಗೆ ಎರೆಹೊಲದಲ್ಲಿ ಕಾಲಿಡಲಾಗದು. ಬಿತ್ತನೆಯಿಲ್ಲ, ಮದುವೆಯಿಲ್ಲ, ಸಂತೆಯಿಲ್ಲ. ಸುಮ್ಮನೆ ಕೂತಿರಬೇಕು. ನನ್ನ ಮಾತಿನಲ್ಲಿ ಇಂಥ ಹೊಸ ಪದಗಳು ಇನ್ನೂ ಒಂದೆರಡು ಸಿಕ್ಕಾವು. ಸಿಕ್ಕಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಮಾತನ್ನು ನಾನೇ ಎಲ್ಲಾದರೂ ತಪ್ಪಾಗಿ ಬಳಸಿದ್ದರೆ ಮನ್ನಿಸಿ. ನಾನು ಕಥೆ ಕೇಳಿ ಬೆಳೆದವನು, ಕಾಗದ ಬರೆದು ಬೆಳೆದವನಲ್ಲ.

ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿಯಿದೆ. ಮನೆಯವರನ್ನು ಕಳೆದುಕೊಂಡವರು ಬಿಡುತಿಂಗಳಲ್ಲಿ ಒಂದು ಕಾಗದ ಬರೆಯಬೇಕು. ಯಾರಿಗೆಂಬುದು ಅವರವರ ಇಷ್ಟ. ಹೆಚ್ಚಿನವರು ತೀರಿಕೊಂಡವರಿಗೇ ಬರೆಯುತ್ತಾರೆ. ನನ್ನ ಹೆಂಡತಿ ಕೃಪಾವತಿ ಹೋಗಿ ಒಂದೂವರೆ ತಿಂಗಳಾಯಿತು. ಅವಳಿಗೆ ಬರೆಯೋಣವೆಂದು ಮೂರು ಸಲ ಕೂತೆ. ಅವಳಿಗೆ ಬರೆಯಲು ನನಗೆ ಮುಖವಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನನಗೆ ಕಾಲ ಮೀರಿದ ಕೆಲಸವೊಂದು ನಿಮಗೆ ಇನ್ನೂ ಮೀರಿಲ್ಲ.

ಮೊದಲು ನಮ್ಮ ದಿನ ಹೇಗಿರುತ್ತದೆಂದು ತಿಳಿಯಬೇಕು. ನಾವು ಬೆಳಗಿನ ಮೂರಕ್ಕೆ ಎದ್ದು ಒಂಬತ್ತರೊಳಗೆ ಹೊಲದ ಕೆಲಸ ಮುಗಿಸುತ್ತೇವೆ. ಆಮೇಲೆ ಊರಿಗೆ ಊರೇ ತಂಪುಮನೆಗೆ ಇಳಿಯುತ್ತದೆ. ತಂಪುಮನೆಯೆಂದರೆ ನಿಮ್ಮ ಕಾಲದ ಹಗೇವಿನ ಹಾಗೆ ನೆಲದೊಳಗೆ ತೋಡಿದ ದೊಡ್ಡ ಕೋಣೆ. ನೀವು ಜೋಳ ಇಟ್ಟ ಕಡೆ ನಾವು ನಮ್ಮನ್ನೇ ಇಟ್ಟುಕೊಳ್ಳುತ್ತೇವೆ. ಅಲ್ಲಿ ಮಲಗಿದ ಜನಕ್ಕೆ ನಿದ್ದೆ ಬರುವವರೆಗೂ ಕಥೆ ಹೇಳುವುದು ನನ್ನ ಕೆಲಸ. ರಾಜನನ್ನು ಕಾಡಿಗೆ ಕಳಿಸುವುದು, ಗಿಳಿಯ ಬಾಯಲ್ಲಿ ಗುಟ್ಟು ಹೇಳಿಸುವುದು, ಏಳು ಮಂದಿ ಅಣ್ಣಂದಿರ ತಂಗಿಯನ್ನು ನದಿ ದಾಟಿಸುವುದು, ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಸಂಜೆ ಐದಕ್ಕೆ ಊರು ಮತ್ತೆ ಮೇಲೆ ಬರುತ್ತದೆ. ಒಲೆ ಹೊತ್ತುತ್ತದೆ. ರೊಟ್ಟಿ ಬಡಿಯುವ ಸದ್ದು ಓಣಿಯ ತುಂಬ ಕೇಳುತ್ತದೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಉಣ್ಣುವ ಮೊದಲು ಪ್ರಾರ್ಥನೆ.

ಬಾಯಿಪಾಠದ ಪ್ರಾರ್ಥನೆಗಳು ಸಭೆಗೆ, ಮನೆಯಲ್ಲಿ ಮಾತ್ರ ಸ್ವಂತ ಮಾತಿನಲ್ಲೇ ದೇವರೊಡನೆ ಮಾತಾಡಬೇಕು ಎಂಬುದು ನಮ್ಮ ಹಿರಿಯರ ಕಟ್ಟಳೆ. ಮನೆಯಲ್ಲೊಬ್ಬರು ಹೇಳುವವರು, ಉಳಿದವರು ಒಪ್ಪುವವರು. ಹೇಳುವವರು ಮುಗಿಸಿದಾಗ ಒಪ್ಪುವವರು ಆಮೆನ್ ಅನ್ನುತ್ತಾರೆ. ಆಮೆನ್ ಬಿತ್ತೆಂದರೆ ಪ್ರಾರ್ಥನೆ ಮುಚ್ಚಿತು. ಆ ದಿನ ಅದನ್ನು ಮತ್ತೆ ತೆರೆಯುವಂತಿಲ್ಲ. ನಮ್ಮ ಮನೆಯಲ್ಲಿ ಹೇಳುವವಳು ಕೃಪಾವತಿ, ಒಪ್ಪುವವನು ನಾನು. ಮಕ್ಕಳಾಗಲಿಲ್ಲ. ಇದ್ದವರು ನಾವಿಬ್ಬರೇ.

ಈ ಒಪ್ಪುವ ಕೆಲಸಕ್ಕೂ ನನ್ನನ್ನು ಹದಕ್ಕೆ ತರಲು ಅವಳು ಪಟ್ಟ ಪಾಡು ಸಣ್ಣದಲ್ಲ. ಮದುವೆಯಾದ ಹೊಸತರಲ್ಲಿ ನಾನು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಎಮ್ಮೆಗೆ ನೀರು ತೋರಿಸಲು ಹೋಗುತ್ತಿದ್ದೆ. ಎಮ್ಮೆಗೆ ನೀರಡಿಕೆ ಇರಲಿ ಬಿಡಲಿ. ಅವಳು ಬೈಯಲಿಲ್ಲ. ಮೊದಲು, ಹೊಸ್ತಿಲ ಹೊರಗೆ ನಿಂತರೂ ಸಾಕು ಅಂದಳು. ಕೆಲವು ವರ್ಷ ನಿಂತೆ. ಆಮೇಲೆ, ನಿಂತು ಕಾಲು ನೋಯುತ್ತದೆ, ಒಳಗೆ ಕೂತುಕೊಳ್ಳಿ ಅಂದಳು. ಕೂತೆ. ಆಮೇಲೆ, ಸುಮ್ಮನೆ ಕೂರುವ ಬದಲು ಆಮೆನ್ ಆದರೂ ಅನ್ನಿ ಅಂದಳು. ನನ್ನ ಸಲುವಾಗಿ ಪ್ರಾರ್ಥನೆಯನ್ನು ಚಿಕ್ಕದು ಮಾಡಿದಳು. ಜಾಗ ಅದೇ, ಹೊತ್ತು ಅದೇ. ಹಬ್ಬವಿರಲಿ, ಜ್ವರವಿರಲಿ, ನೆಂಟರಿರಲಿ, ಒಂದು ಸಂಜೆಯೂ ತಪ್ಪಲಿಲ್ಲ. "ಉದ್ದ ಆಗೂದ ಬ್ಯಾಡ್ರಿ, ದಿನಾ ಆಗಲಿ" ಅನ್ನುತ್ತಿದ್ದಳು. ಹೀಗೆ ಹನ್ನೆರಡು ವರ್ಷದಲ್ಲಿ ನನಗೆ ಅಭ್ಯಾಸವಾಯಿತು. ಅಭ್ಯಾಸವೆಂದರೆ ನಿಜವಾಗಿಯೂ ಅಭ್ಯಾಸ. ಕಣ್ಣು ಮುಚ್ಚುತ್ತಿದ್ದೆ, ಅವಳ ದನಿ ಮಳೆಯ ಹಾಗೆ ಎಲ್ಲೋ ಸುರಿಯುತ್ತಿತ್ತು, ನಾನು ಮರುದಿನದ ಕಥೆಯ ಎಳೆ ಹಿಡಿದು ಹೋಗಿರುತ್ತಿದ್ದೆ. ಅವಳ ಮಾತು ನಿಂತಂತೆ ಅನ್ನಿಸಿದೊಡನೆ ಆಮೆನ್ ಅಂದು ರೊಟ್ಟಿಗೆ ಕೈ ಹಾಕುತ್ತಿದ್ದೆ.

ಕಳೆದ ತಿಂಗಳಿಗೂ ಹಿಂದಿನ ತಿಂಗಳು ಅವಳಿಗೆ ಬಿಸಿಲು ತಗುಲಿತು. ನಾಲ್ಕೇ ದಿನ. ಕೊನೆಯ ಸಂಜೆ ಏಳಲಾರದೆ ಮಲಗಿಕೊಂಡೇ ಪ್ರಾರ್ಥಿಸಿದಳು. ಆಮೇಲೆ ನನ್ನ ಕೈ ಹಿಡಿದು, "ನಾಳಿಂದ ನೀವ ಹೇಳಬೇಕು ನೋಡ್ರಿ. ಒಂದ ದಿನಾನೂ ಬಿಡಬ್ಯಾಡ್ರಿ" ಅಂದಳು. "ಹೂಂ, ಹೇಳ್ತೀನಿ, ನೀ ಮೊದಲ ಮಲಕೋ" ಅಂದೆ. ಬೆಳಗಿನ ಮೂರಕ್ಕೆ ಊರು ಎದ್ದಿತು, ಅವಳು ಏಳಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅದೇ ಜಾಗದಲ್ಲಿ ಕೂತೆ. ಕಣ್ಣು ಮುಚ್ಚಿದೆ. ಬಾಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಇಪ್ಪತ್ತೆಂಟು ವರ್ಷ ದಿನವೂ ಪ್ರಾರ್ಥನೆಯಲ್ಲಿ ಕೂತವನಿಗೆ ಅದರ ಒಂದು ಸಾಲೂ ನೆನಪಿಲ್ಲ. ಊರಿಗೆಲ್ಲ ಕಥೆ ಹೇಳುವವನು ಖಾಲಿ ಮನೆಯಲ್ಲಿ, ಯಾರೂ ಏನೂ ಹೇಳದಿದ್ದರೂ ಆಮೆನ್ ಅಂದೆ. ನನಗೆ ನನ್ನ ದನಿ ಕೇಳಿಯೇ ನಾಚಿಕೆಯಾಯಿತು. ಕೊಟ್ಟ ಮಾತು ಮೊದಲ ದಿನವೇ ಮುರಿದಿತ್ತು.

ಆಗ ಮನೆಗಿವಿಯ ನೆನಪಾಯಿತು. ಇದನ್ನು ಬಿಡಿಸಿ ಹೇಳಬೇಕು. ನಮ್ಮ ಪ್ರತಿ ಮನೆಯ ಗೋಡೆಯಲ್ಲೂ ಅಂಗೈಯಗಲದ ಒಂದು ಯಂತ್ರವಿದೆ. ಮನೆಯಲ್ಲಿ ಆಡಿದ ಮಾತನ್ನೆಲ್ಲ ಅದು ಕೇಳಿ ಇಟ್ಟುಕೊಳ್ಳುತ್ತದೆ, ಯಾವ ದಿನದ ಮಾತು ಬೇಕೆಂದರೂ ಮತ್ತೆ ಕೇಳಿಸುತ್ತದೆ. ಅದರಿಂದ ಅವಳ ಪ್ರಾರ್ಥನೆಯನ್ನು ಕೇಳಿ ಕಲಿಯೋಣ, ಅವಳ ಮಾತನ್ನೇ ದಿನವೂ ಹೇಳೋಣ ಅಂದುಕೊಂಡೆ. ನಮ್ಮ ನಲವತ್ತು ವರ್ಷದ ಸಂಸಾರದ ಕೃಪಾವತಿ ಅದರೊಳಗೆ ಇದ್ದಳು. ಉಪ್ಪು ಹೆಚ್ಚಾಯಿತೆಂದಿದ್ದಕ್ಕೆ ಜಗಳಾಡಿದ್ದು, ಎಮ್ಮೆ ಕರು ಹಾಕಿದ ದಿನ ಕೂಗಿದ್ದು, ಅವಳ ತಾಯಿ ಸತ್ತ ಸುದ್ದಿ ಬಂದಾಗ ಅತ್ತದ್ದು, ಎಲ್ಲ ಇತ್ತು. ಸಂಜೆಯ ಹೊತ್ತಿನ ಅವಳ ದನಿಯೂ ಇತ್ತು. "ಏನ್ರಿ, ಕತಿ ಸಾಕು, ಬರ್ರಿ, ದೇವರು ಕಾಯಾಕತ್ತಾನ." ಆಮೇಲೆ ಬಟ್ಟೆಯ ಸರಸರ. ಆಮೇಲೆ ಏನೂ ಇಲ್ಲ. ಮತ್ತೆ ಬಟ್ಟೆಯ ಸರಸರ, ಅವಳ ನಗು, "ಇವತ್ತೂ ನೀವ ಗೆದ್ರಿ ಬಿಡ್ರಿ. ಎಷ್ಟ ರೊಟ್ಟಿ ಹಾಕ್ಲಿ?"

ಮರೆತೇಬಿಟ್ಟಿದ್ದೆ. ಮನೆಗಿವಿ ಬಂದ ಕಾಲದಲ್ಲೇ ನಮ್ಮ ಸಭೆ ಒಂದು ತೀರ್ಮಾನ ಮಾಡಿತ್ತು. ಪ್ರಾರ್ಥನೆ ದೇವರೊಬ್ಬನೇ ಕೇಳಬೇಕಾದದ್ದು, ಗೋಡೆ ಕೇಳಬೇಕಾದದ್ದಲ್ಲ, ಆದ್ದರಿಂದ ಆ ಹೊತ್ತಿಗೆ ಮನೆಗಿವಿಗೆ ದಪ್ಪ ಮುಸುಕು ಹಾಕಬೇಕು, ಆಮೆನ್ ಆದೊಡನೆ ತೆಗೆಯಬೇಕು. ಕೃಪಾವತಿ ಒಂದು ದಿನವೂ ತಪ್ಪದೆ ಹಾಕಿದ್ದಳು, ಏಳಲಾರದ ಕೊನೆಯ ಸಂಜೆ ನನ್ನ ಕೈಯಿಂದ ಹಾಕಿಸಿದ್ದಳು. ಅವಳು ಒಲೆಯ ಕಟ್ಟೆಯ ಹತ್ತಿರ ಬೆಕ್ಕಿಗೆ ಬೈದದ್ದೂ ಉಳಿದಿದೆ. ಉಳಿಯದೇ ಹೋದದ್ದು ಅದೊಂದೇ. ಅದನ್ನು ಕೇಳಲು ದೇವರ ಹೊರತು ಇದ್ದ ಕಿವಿಯೆಂದರೆ ನನ್ನದು ಮಾತ್ರ.

ನನ್ನ ಹೊರತು ಇನ್ನೊಬ್ಬಳಿದ್ದಳೆಂದು ಆಮೇಲೆ ಹೊಳೆಯಿತು. ಪಕ್ಕದ ಮನೆಯ ಎಸ್ತೇರಿ. ಎರಡು ವರ್ಷದ ಹಿಂದೆ ಅವಳ ಮನೆಯ ಮಾಳಿಗೆ ಕುಸಿದಾಗ ಮೂರು ತಿಂಗಳು ನಮ್ಮಲ್ಲಿ ಇದ್ದಳು, ಪ್ರಾರ್ಥನೆಗೂ ಕೂರುತ್ತಿದ್ದಳು. ಹೋಗಿ ಕೇಳಿದೆ, ನಿನ್ನ ಕೃಪಾವತಿ ಕಾಕು ಪ್ರಾರ್ಥನೆಯಲ್ಲಿ ಏನು ಹೇಳುತ್ತಿದ್ದಳು, ನೆನಪಿದೆಯೇ ಎಂದು. ಅವಳು ಕಾಳು ಆರಿಸುತ್ತಿದ್ದಳು. ತಲೆ ಎತ್ತಿ, "ನೀವೂ ಅಲ್ಲೇ ಇದ್ರೆಲ್ಲ ಕಾಕಾ" ಅಂದಳು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತೇನೋ, ಮೊರ ಬದಿಗಿಟ್ಟಳು.

"ನೀರಿಗೆ ಸ್ತೋತ್ರ ಹೇಳ್ತಿದ್ರು, ಓಣಿಯಾಗ ಯಾರಿಗೆ ಆರಾಮ ಇಲ್ಲೋ ಅವರ ಹೆಸರು ತಗೀತಿದ್ರು, ನನ್ನ ಮಾಳಿಗಿ ಸಲುವಾಗಿ ಬೇಡ್ತಿದ್ರು. ಅದು ದಿನಾ ಬ್ಯಾರೆ ಬ್ಯಾರೆ ಇರ್ತಿತ್ತು ಕಾಕಾ. ಕಡೀ ಮಾತು ಮಾತ್ರ ದಿನಾ ಒಂದ."

"ಏನದು?"

"'ಮತ್ತ ಕರ್ತನೇ, ನಮ್ಮ ಮನಿಯವರು...' ಅಂತಿದ್ರು. ಅಂದು ಒಂದ ಉಸಿರು ತಗೊಂತಿದ್ರು."

"ಆಮ್ಯಾಲೆ?"

"ಆಮ್ಯಾಲೆ ಏನು! ಅಷ್ಟರಾಗ ನೀವು ಆಮೆನ್ ಅಂದಬಿಡ್ತಿದ್ರಿ. ನನಗ ನಗು ತಡಿಯಾಕ ಆಗದ ಸೆರಗ ಬಾಯಾಗ ಇಟ್ಕೊತಿದ್ದೆ. ಒಂದ ದಿನಾನೂ ಮುಗಸಾಕ ಬಿಡಲಿಲ್ಲ ಬಿಡ್ರಿ ನೀವು."

ಅವಳು ನಗುತ್ತಲೇ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು. ಅವಳೂ ಒಮ್ಮೆ ಕೃಪಾವತಿಯನ್ನು ಕೇಳಿದ್ದಳಂತೆ, ಸ್ವಲ್ಪ ತಡೆಯಿರಿ ಎಂದು ಕಾಕಾಗೆ ಯಾಕೆ ಹೇಳುವುದಿಲ್ಲ ಎಂದು. ಅದಕ್ಕೆ ಕೃಪಾವತಿ, "ಕುಂದರಸಾಕ ಹನ್ನೆರಡು ವರ್ಷ ಹಿಡೀತವ್ವಾ. ಈಗ ಆಮೆನ್ ತಡಾ ಮಾಡ್ರಿ ಅಂದ್ರ, ಎದ್ದು ಎಮ್ಮಿ ಕಡೆ ಹೋದಾರು. ಇರಲಿ, ನಾಳೆ ಹೇಳಿದರಾತು" ಅಂದಿದ್ದಳಂತೆ.

ನೀವ ಗೆದ್ರಿ ಅಂದರೆ ಏನೆಂದು ನನಗೆ ಆಗ ತಿಳಿಯಿತು. ಅವಳ ಮಾತಿಗೂ ನನ್ನ ಆಮೆನ್ನಿಗೂ ದಿನವೂ ಓಟವಿತ್ತು. ದಿನವೂ ಗೆಲ್ಲುತ್ತಿದ್ದೆ. ಓಡುತ್ತಿದ್ದೇನೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಕೊನೆಯ ಸಂಜೆಯನ್ನು ನೆನೆದರೆ ಎದೆ ಒಡೆಯುತ್ತದೆ. ಆ ದಿನ ನನಗೆ ಹಸಿವಿರಲಿಲ್ಲ, ಕಥೆಯ ಧ್ಯಾನವೂ ಇರಲಿಲ್ಲ. ಅವಳ ಉಸಿರನ್ನೇ ನೋಡುತ್ತಿದ್ದೆ. ಮಾತಾಡಿ ಆಯಾಸವಾದೀತೆಂದು, ಅವಳು ಒಂದು ಕ್ಷಣ ತಡೆದೊಡನೆ ನಾನೇ ಆಮೆನ್ ಅಂದು ಮುಗಿಸಿದೆ. ಪ್ರೀತಿಯಿಂದಲೇ ಅಂದೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಆಮೇಲೆ ನನ್ನ ಕೈ ಹಿಡಿದಳು. ಅವಳ ಪಾಲಿಗೆ ಇನ್ನೊಂದು ನಾಳೆ ಇರಲಿಲ್ಲ.

ನಮ್ಮ ಸಭಾಪಾಲಕರು ಸಮಾಧಾನ ಹೇಳಲು ಬಂದಿದ್ದರು. ನಾಲಗೆಗೆ ಬರುವ ಮೊದಲೇ ದೇವರಿಗೆ ಆ ಮಾತು ಗೊತ್ತಿತ್ತು, ಒಂದಕ್ಷರವೂ ನಷ್ಟವಾಗಿಲ್ಲ ಅಂದರು. ಅವರ ಮಾತನ್ನು ನಾನು ನಂಬುತ್ತೇನೆ. ದೇವರು ಕೇಳಿದ. ಆದರೆ ಹಿರಿಯರೇ, ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದವನು ನಾನು. ನಮ್ಮ ಮನೆಯವರು ಏನಾಗಲಿ ಎಂದು ಬೇಡುತ್ತಿದ್ದಳು? ನನಗೆ ಆರೋಗ್ಯವನ್ನೋ? ಬುದ್ಧಿಯನ್ನೋ? ಒಂದು ದಿನವಾದರೂ ನಾನೇ ಬಾಯಿಬಿಟ್ಟು ಪ್ರಾರ್ಥಿಸಲಿ ಎಂದೋ? ಅಥವಾ ನನ್ನ ಸಲುವಾಗಿ ಸ್ತೋತ್ರ ಹೇಳುತ್ತಿದ್ದಳೋ? ಸಾವಿರ ಕಥೆಗಳಿಗೆ ಕೊನೆ ಕಟ್ಟಿದವನು ಆ ಒಂದು ಸಾಲಿಗೆ ಕೊನೆ ಕಟ್ಟಲಾರದೆ ಕೂತಿದ್ದೇನೆ. ಕಟ್ಟಿದರೆ ಅದು ನನ್ನದಾದೀತು, ಅವಳದಾಗುವುದಿಲ್ಲ.

ಈಗ ದಿನವೂ ಕೂರುತ್ತೇನೆ. ಜಾಗ ಅದೇ, ಹೊತ್ತು ಅದೇ. ಮೊದಮೊದಲು ಬರಿದೇ ಕೂತೆ. ಒಂದು ವಾರವಾದ ಮೇಲೆ, ನೀರು ಬಂತು ಕರ್ತನೇ, ಸ್ತೋತ್ರ, ಅಂದೆ. ಅಷ್ಟೇ. ಮರುದಿನ ಎಸ್ತೇರಿಯ ಹೆಸರು ಸೇರಿತು. ನಿನ್ನೆ ನಾಲ್ಕು ಮಾತಾದವು. ಹುಟ್ಟಿದ ಕರು ಎದ್ದು ನಿಂತಷ್ಟೇ ನನ್ನ ಪ್ರಾರ್ಥನೆ, ಕಾಲು ನಡುಗುತ್ತವೆ. ಎಲ್ಲ ಹೇಳಿಯಾದ ಮೇಲೆ ನಾನು ಬಾಯಿ ಮುಚ್ಚಿಕೊಂಡು, ಒಬ್ಬ ಹೆಂಗಸು ನಿಧಾನವಾಗಿ ಒಂದು ಮಾತು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನಿರುತ್ತೇನೆ. ಆ ಹೊತ್ತು ಬಹಳ ಉದ್ದ. ಅದನ್ನು ದಾಟುವಾಗ ಅಳು ಬಾರದ ದಿನ ಇನ್ನೂ ಬಂದಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಈ ಸಂಜೆಯೂ ಒಬ್ಬರು ಕಣ್ಣು ಮುಚ್ಚಿ ದೇವರೊಡನೆ ಮಾತಾಡುವರು. ಅವರು ನಿಮ್ಮ ತಾಯಿಯಿರಬಹುದು, ಹೆಂಡತಿಯಿರಬಹುದು, ಗಂಡನಿರಬಹುದು. ನಿಮಗೆ ಹಸಿವಾಗಿರುತ್ತದೆ, ಕೆಲಸವಿರುತ್ತದೆ, ಅವರು ಹೇಳುವುದು ನಿನ್ನೆಯ ಮಾತೇ ಅನ್ನಿಸುತ್ತದೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಹತ್ತಿರ ಕೂತುಕೊಳ್ಳಿ. ಅವರ ಮಾತು ನಿಂತಿತೆಂದು ನಿಮಗೆ ಅನ್ನಿಸಿದಾಗ ಬಾಯಿ ತೆರೆಯಬೇಡಿ. ಇನ್ನೂ ಸ್ವಲ್ಪ ಕಾಯಿರಿ. ಅವರು ಉಸಿರು ತೆಗೆದುಕೊಳ್ಳುತ್ತಿರಬಹುದು.

ನಿಮ್ಮ ನಂತರ ಬರಲಿರುವ,
ಸಮಾಧಾನಪ್ಪ