ಹನ್ನೊಂದನೆಯ ಸಾಲಿನ ಹೆಸರು

ಆರ್ಲಿಂಗ್ಟನ್, ವರ್ಜೀನಿಯಾ
ಮಾರ್ಚ್ 6, ಶುಕ್ರವಾರ

ಪ್ರೀತಿಯ ಆರ್ವಿಡ್ ಅಣ್ಣ,

ಹೇಗಿದ್ದೀಯ? ಸಕ್ಕರೆ ಹತೋಟಿಯಲ್ಲಿದೆಯೇ? ಹೊಟ್ಟೆಗೆ ಅಂಟಿಸಿಕೊಂಡ ಇನ್ಸುಲಿನ್ ಪಂಪು ಸರಿಯಾಗಿ ನಡೆಯುತ್ತಿದೆಯೇ? ಡುಲೂತ್‌ನಲ್ಲಿ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇದೆಯೆಂದೂ, ನೀನು ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುತ್ತಲೇ ಫೋನಿನಿಂದ ಡೋಸ್ ಕೊಟ್ಟುಕೊಳ್ಳುತ್ತೀಯೆಂದೂ ಮಾರ್ಲಿಸ್ ಅತ್ತಿಗೆ ಹೇಳಿದರು. "ಆ ಚಳೀಲಿ ಅಂಗಿ ಎತ್ತೋ ಕರ್ಮ ತಪ್ತು ಕಣೇ" ಎಂದು ಕ್ರಿಸ್‌ಮಸ್‌ನಲ್ಲಿ ನೀನು ಎಷ್ಟು ಹಿಗ್ಗಿದ್ದೆ! ಕಾಗದ ಕೈಯಲ್ಲಿ ಬರೆದಿದ್ದಕ್ಕೆ ನಗಬೇಡ. ಆಫೀಸಿನ ಮೇಲ್ ಯಾರ್ಯಾರು ಓದುತ್ತಾರೋ ತಿಳಿಯದು. ಫೋನಿನ ಮೇಲೂ ನನಗೀಗ ನಂಬಿಕೆಯಿಲ್ಲ.

ನನ್ನ ಕೆಲಸವೇನೆಂದು ನೀನು ಪ್ರತಿವರ್ಷ ಕೇಳುತ್ತೀಯ, ಪ್ರತಿವರ್ಷ ಮರೆಯುತ್ತೀಯ. ಅಣೆಕಟ್ಟಿನ ಗೇಟು, ಕಾರಿನ ಬ್ರೇಕು, ನಿನ್ನ ಪಂಪು, ಹೀಗೆ ಕಂಪ್ಯೂಟರು ಹೇಳಿದಂತೆ ಕೇಳುವ ಯಂತ್ರಗಳಿಗೆ ನಮ್ಮವರು ಸೈಬರ್-ಫಿಸಿಕಲ್ ವ್ಯವಸ್ಥೆ ಎನ್ನುತ್ತಾರೆ. ಸರ್ಕಾರದ ಒಂಬತ್ತು ಇಲಾಖೆಗಳು ಅವುಗಳ ಮೇಲೆ ಸಂಶೋಧನೆ ಮಾಡಿಸುತ್ತವೆ. ಯಾರು ಏನು ಮಾಡುತ್ತಿದ್ದಾರೆಂಬ ಪಟ್ಟಿ ಇಡುವವಳು ನಾನು. ಒಂದೇ ಕೆಲಸವನ್ನು ಇಬ್ಬರು ಮಾಡಬಾರದು, ಯಾವ ಕೆಲಸವೂ ಬಿಟ್ಟುಹೋಗಬಾರದು. ಪಟ್ಟಿಯ ಕರಡನ್ನು ಎಲ್ಲರಿಗೂ ಕಳಿಸುತ್ತೇನೆ. ಶುಕ್ರವಾರ ಸಂಜೆ ಐದರೊಳಗೆ ಆಕ್ಷೇಪ ಬರದಿದ್ದರೆ ಎಲ್ಲರೂ ಒಪ್ಪಿದಂತೆ. ಅಲ್ಲಿಗೆ ಅದು ಅಚ್ಚಿಗೆ ಹೋಗುತ್ತದೆ.

ಅದರ ಹನ್ನೊಂದನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. ಮೈಗೆ ತೊಡುವ ಪಂಪುಗಳಿಗೆ ಹೊರಗಿನವರು ಕಳ್ಳದಾರಿಯಲ್ಲಿ ಆಜ್ಞೆ ಕಳಿಸಬಹುದೇ ಎಂಬ ಪರೀಕ್ಷೆ ಅದು. ಮುಂದೆ ಹಾರ್ಲನ್ ಪ್ರೂಯಿಟ್ ಎಂಬವನ ಇಲಾಖೆಯ ಹೆಸರು. ಮೂರು ವರ್ಷದಿಂದ 'ನಡೆಯುತ್ತಿದೆ' ಎಂದೇ ಇದೆ, ಒಂದು ವರದಿಯೂ ಬಂದಿಲ್ಲ. ಇನ್ನೊಂದು ಇಲಾಖೆಯವರು ಇದೇ ಪರೀಕ್ಷೆಗೆ ಹೊರಟು, ಹಾರ್ಲನ್‌ನವರು ಮಾಡುತ್ತಿದ್ದಾರಲ್ಲ ಎಂದು ಕೈಬಿಟ್ಟರಂತೆ. ಕಳೆದ ವಾರ ಹಾರ್ಲನ್‌ನನ್ನು ಕೇಳಿದೆ. ಬೇಗಲ್ ಅಗಿಯುತ್ತಲೇ, "ಅದು ನಮ್ಮ ಇನ್ನೊಂದು ವಿಭಾಗದ್ದು ಕಣಮ್ಮ, ನನ್ನನ್ಯಾಕೆ ಹಿಡ್ಕೊಂಡಿದ್ದೀಯ?" ಎಂದ. ಆ ವಿಭಾಗದವರು ಹಾರ್ಲನ್‌ನನ್ನೇ ಕೇಳಿ ಎಂದರು. ಒಂಬತ್ತು ಇಲಾಖೆಗಳ ಸಭೆ ನಡೆಸುವ ಡೆಲ್ಫೀನ್ ಮೇಡಂ ಬಾಗಿಲು ಹಾಕಿಕೊಂಡು, "ಸಿಗ್ನೆ, ಇಷ್ಟು ವರ್ಷ ಯಾರೂ ಎತ್ತದ ಮಾತು ನಿನಗ್ಯಾಕೆ?" ಎಂದರು. ಆಮೇಲೆ ನಾನು ಕಾಫಿಗೆ ಹೋದರೆ ಅಲ್ಲಿದ್ದವರ ಮಾತು ನಿಲ್ಲತೊಡಗಿತು. ಪರೀಕ್ಷೆಯಲ್ಲಿ ಏನೋ ಕೆಟ್ಟದ್ದು ಸಿಕ್ಕಿದೆ, ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಸಿಟ್ಟಿನಿಂದ ಮೈ ಉರಿಯಿತು.

ಇವತ್ತು ಹಳೆಯ ಕರಡುಗಳನ್ನೆಲ್ಲ ತೆಗೆದು, ಆ ಹೆಸರನ್ನು ಮೊದಲು ಸೇರಿಸಿದ್ದು ಯಾರೆಂದು ಹುಡುಕಿದೆ. ಸಿಕ್ಕಿತು. ಆ ವಿಷಯ ಬರೆಯಲು ಕೈ ಬರುತ್ತಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಅವರು ಕಳಿಸಿದ ಕಾಡಕ್ಕಿ ಮುಟ್ಟಿದೆ. ಬೆಚ್ಚಗಿರು ಅಣ್ಣ.

ನಿನ್ನ ತಂಗಿ,
ಸಿಗ್ನೆ

ಮ.ವಿ.: ಆ ಹೆಸರು ಬರೆದವಳು ನಾನೇ. ಮೂರು ವರ್ಷದ ಹಿಂದೆ ಆ ಜಾಗ ಖಾಲಿಯಿತ್ತು. ಖಾಲಿ ಬಿಟ್ಟರೆ ಡೆಲ್ಫೀನ್ ರೇಗುತ್ತಾರೆಂದು, ತಪ್ಪಿದ್ದರೆ ಹಾರ್ಲನ್‌ನವರೇ ತಿದ್ದುತ್ತಾರೆ ಬಿಡು ಎಂದು, ತೋಚಿದ್ದನ್ನು ತುಂಬಿ ಕಳಿಸಿದೆ. ಯಾರೂ ಓದಲಿಲ್ಲ, ಯಾರೂ ತಿದ್ದಲಿಲ್ಲ. ಅಣ್ಣ, ಯಾರೂ ಏನನ್ನೂ ಮುಚ್ಚಿಟ್ಟಿಲ್ಲ, ಪರೀಕ್ಷೆಯೇ ನಡೆದಿಲ್ಲ. ನಿನ್ನ ಪಂಪಿಗೆ ಅಪಾಯವಿದೆಯೋ ಇಲ್ಲವೋ ಈ ದೇಶದಲ್ಲಿ ಯಾರಿಗೂ ಗೊತ್ತಿಲ್ಲ. ನಾಳೆಯೇ ಮುಟ್ಟುವ ಅಂಚೆಗೆ ಹಾಕುತ್ತಿದ್ದೇನೆ. ಡಾಕ್ಟರನ್ನು ಕೇಳಿ ಫೋನಿನ ಸಂಪರ್ಕ ತೆಗೆಸು. ಗುರುವಾರದ ಸಭೆಯಲ್ಲಿ ನಿಂತು ಎಲ್ಲ ಹೇಳಬೇಕೆಂದಿದ್ದೇನೆ, ಆದರೆ ನನ್ನ ಮೇಲೆ ನನಗೇ ನಂಬಿಕೆ ಸಾಲದು. ಕೆಳಗೆ ಡೆಲ್ಫೀನ್‌ರ ನಂಬರು ಬರೆದಿದ್ದೇನೆ. ಮರುದಿನ ಶುಕ್ರವಾರ ಬೆಳಿಗ್ಗೆ, ಈ ಸಲದ ಪಟ್ಟಿ ಅಚ್ಚಿಗೆ ಹೋಗುವ ಮೊದಲೇ, ಫೋನ್ ಮಾಡಿ, ನಿನ್ನ ತಂಗಿ ಹೇಳಿದಳೋ ಇಲ್ಲವೋ ಕೇಳು. ಇಲ್ಲವೆಂದರೆ ನೀನೇ ಹೇಳಿಬಿಡು.