ಪ್ಯಾನೆಲ್ಲಿನ ಕೆಳಗೆ ಒಂದು ಗೇಣು

ಏಪ್ರಿಲ್ 3, ಸಂಜೆ
ಟೈಲರ್ ಅಂಗಡಿಯ ಕೆಲಸ ಮುಗಿಸಿ ಬಂದವಳೇ, ಚಪ್ಪಲಿ ಬಿಡುವ ಮೊದಲು ಬ್ಯಾಟರಿ ನೋಡಿದೆ. ನಾಲ್ಕರಲ್ಲಿ ಎರಡೇ ಗೆರೆ. ದಿನವಿಡೀ ಕಣ್ಣು ಕುಕ್ಕುವ ಬಿಸಿಲು, ಮೋಡದ ಸುಳಿವಿಲ್ಲ — ಆದರೂ ಎರಡೇ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಕರೆಂಟು ಬರುವುದೇ ನಡುರಾತ್ರಿ ದಾಟಿದ ಮೇಲೆ, ಹೋಗುವುದು ಬೆಳಗಾಗುತ್ತಲೇ. ಮಿಕ್ಕ ಹೊತ್ತೆಲ್ಲ ಅಪ್ಪನ ಆಕ್ಸಿಜನ್ ಮಷೀನು ಓಡುವುದು ಸೋಲಾರಿನ ಮೇಲೆ.

"ಬಂದ ತಕ್ಷಣ ನನ್ನ ಮುಖ ನೋಡಲ್ಲ, ಅದರ ಮುಖ ನೋಡ್ತೀಯ," ಅಂದ ಅಪ್ಪ. ಬಸ್ ಡ್ರೈವರಾಗಿ ಹೊಗೆ ಕುಡಿದೂ ಕುಡಿದೂ ಶ್ವಾಸಕೋಶ ಹೋಯಿತು. ಬಾಯಿ ಮಾತ್ರ ಗಟ್ಟಿ.

ಏಪ್ರಿಲ್ 5
ಸೋಲಾರಿನವನು ಬಂದಿದ್ದ. ಹಾಕಿಕೊಟ್ಟವನಲ್ಲ, ಅವನು ಫೋನೇ ಎತ್ತುವುದಿಲ್ಲ. ಇವನು ಛಾವಣಿ ಹತ್ತಿ, ಮೀಟರ್ ಇಟ್ಟು ನೋಡಿ, ಪ್ಯಾನೆಲ್ ಮುಟ್ಟಿ, ಕೈ ಕೊಡವಿದ.

"ಶೀಟಿಗೆ ಅಂಟಿಸಿದ ಹಾಗೆ ಹಾಕಿದಾರೆ ಅಕ್ಕಾ. ಕೆಳಗೆ ಗಾಳಿ ಆಡೋಕೆ ಜಾಗಾನೇ ಇಲ್ಲ. ಇದಕ್ಕೆ ಬೆಳಕು ಬೇಕು, ಕಾವು ಬೇಡ. ಕಾದಷ್ಟೂ ಕರೆಂಟು ಕಮ್ಮಿ."

ನಾನೋ, ಬಿಸಿಲು ಸುಟ್ಟಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಒಂದು ಗೇಣು ಎತ್ತಿ ಕಂಬಿಯ ಮೇಲೆ ಕೂರಿಸಿದರೆ, ಕೆಳಗೆ ಗಾಳಿ ಹರಿದು ತಣ್ಣಗಾಗುತ್ತದಂತೆ. ಯಾವಾಗ ಮಾಡ್ತೀಯಪ್ಪ ಅಂದೆ. "ಇಪ್ಪತ್ತರ ಮೇಲೆ. ಸೀಸನ್ನು ಅಕ್ಕಾ." ಮೈಯೆಲ್ಲ ಉರಿಯಿತು. ಉಸಿರಾಡುವುದಕ್ಕೂ ಸೀಸನ್ ಇದೆಯೇನು. ಮಧ್ಯಾಹ್ನ ನೀರು ಮಾತ್ರ ಸುರಿಯಬೇಡಿ, ಕಾದ ಗಾಜು ಬಿರುಕು ಬಿಡುತ್ತದೆ ಅಂತ ಹೇಳಿ ಹೋದ.

"ನಂಗೂ ಗಾಳಿ ಸಾಲಲ್ಲ, ಅದಕ್ಕೂ ಸಾಲಲ್ಲ. ಒಳ್ಳೆ ಜೋಡಿ," ಅಂತ ಅಪ್ಪ ನಕ್ಕ. ನಗುವೇ ಕೆಮ್ಮಾಯಿತು.

ಏಪ್ರಿಲ್ 8
ಎಲೆ ಅಲುಗುತ್ತಿಲ್ಲ. ನಿನ್ನೆ ಒಂದೇ ಗೆರೆ. ರಾತ್ರಿ ಊಟದ ಹೊತ್ತಿಗೇ ಬ್ಯಾಟರಿ ಮುಗಿದು ಮಷೀನು ಕೂಗಿಕೊಂಡಿತು. ಇದ್ದ ಸಣ್ಣ ಸಿಲಿಂಡರು ಹಚ್ಚಿದೆ, ಕರೆಂಟು ಬರುವಷ್ಟರಲ್ಲಿ ಅದೂ ಖಾಲಿ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇನ್ನೊಂದು ದಿನ ಹೀಗಾದರೆ ಅಪ್ಪ ಉಳಿಯುವುದಿಲ್ಲ. ಅತ್ತಿದ್ದು ಅವನಿಗೆ ಕೇಳಿಸಿತೋ ಏನೋ.

ನಾಳೆಯಿಂದ ಬಿಸಿಲು ಏರುವ ಮೊದಲೇ ನೀರು ಸುರಿಯುತ್ತೇನೆ. ತಣ್ಣಗಿರುವಾಗ ಸುರಿದರೆ ಗಾಜಿಗೇನಾಗುತ್ತದೆ.

ಏಪ್ರಿಲ್ 12
ಮೂರು ಗೆರೆ! ಗಾಳಿ ಇಲ್ಲ, ಸೆಕೆ ಹಾಗೇ ಇದೆ — ನನ್ನ ನೀರಿನದೇ ಕೆಲಸ. "ಭೇಷ್, ಇಂಜಿನಿಯರಮ್ಮ," ಅಂದ ಅಪ್ಪ. ಬಹಳ ದಿನದ ಮೇಲೆ ನೆಮ್ಮದಿಯಾಗಿ ಉಂಡೆ.

ಏಪ್ರಿಲ್ 17
ಫುಲ್. ಸತತ ಮೂರನೆಯ ದಿನ. ಬಕೆಟ್ ಹೊತ್ತು ಸೊಂಟ ಬಿದ್ದುಹೋಗಿದೆ, ಹೋಗಲಿ. ಅಪ್ಪ ಎರಡು ತುತ್ತು ತಿಂದು ತಟ್ಟೆ ಸರಿಸಿದ. ಪಾದ ಊದಿದೆ. ಸೆಕೆಗೆ ಅಂತಾನೆ. ಇರಬಹುದು.

ಏಪ್ರಿಲ್ 22
ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಮಧ್ಯಾಹ್ನ ಸೋಲಾರಿನವನು ಅಂಗಡಿಗೆ ಫೋನ್ ಮಾಡಿದ, ಕಂಬಿ ತಂದಿದ್ದೇನೆ ಅಂತ. ಓಡಿ ಬಂದೆ. ಹೊರಗಿನ ಮೆಟ್ಟಿಲಿನಿಂದ ಸೀದಾ ಮೇಲೆ ಹತ್ತಿದೆವು. ನನ್ನ ನೀರಿನ ಉಪಾಯ ಹೇಳಿಕೊಂಡು ಜಂಭ ಬೇರೆ ಕೊಚ್ಚಿಕೊಂಡೆ. ಅವನು ಮೀಟರ್ ಇಟ್ಟು ನೋಡಿದ.

"ಬೆಳಗ್ಗೆ ಸುರಿದಿದ್ದು ಅರ್ಧ ಗಂಟೇಲಿ ಆರಿಹೋಗುತ್ತೆ ಅಕ್ಕಾ. ಇದು ಅವತ್ತು ಕೊಡ್ತಿದ್ದಷ್ಟೇ ಕೊಡ್ತಿದೆ."

"ಮತ್ತೆ ಬ್ಯಾಟರಿ ಫುಲ್ ಇರುತ್ತಲ್ಲಪ್ಪ?"

"ಹಂಗಾದ್ರೆ ಖರ್ಚಾಗ್ತಿಲ್ಲ," ಅಂದ, ಸ್ಪ್ಯಾನರ್ ಹುಡುಕುತ್ತಾ.

ಹೇಗೆ ಇಳಿದೆನೋ ಗೊತ್ತಿಲ್ಲ. ನಳಿಕೆ ಮೂಗಿನಲ್ಲೇ ಇತ್ತು. ಮಷೀನಿನ ಸದ್ದಿಲ್ಲ. ಅಪ್ಪನ ತುಟಿ ನೀಲಿ. ಸ್ವಿಚ್ ಒತ್ತಿ, ಭುಜ ಹಿಡಿದು ಅಲುಗಿಸಿದೆ. ಎಷ್ಟು ದಿನದಿಂದ ಅಪ್ಪಾ?

"ನೀನು ಆ ಕಡೆ ಹೋದ್ಮೇಲೆ ಆಫ್... ಬರೋ ಹೊತ್ತಿಗೆ ಆನ್. ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಬಸ್ ಬಿಡ್ತಿದ್ವಲ್ಲ... ಹಂಗೆ. ಡೀಸೆಲ್ ಉಳಿಯುತ್ತೆ." ಪ್ರತಿ ಮಾತಿಗೂ ನಿಂತು ಉಸಿರೆಳೆದ. "ಸಾಯಂಕಾಲ ಬ್ಯಾಟರಿ ನೋಡಿ ನೀನು ನಗ್ತಿದ್ದೆ ಕಣಮ್ಮ."

ಏಪ್ರಿಲ್ 27, ಬೆಳಿಗ್ಗೆ
ಬಟ್ಟೆ ಒಯ್ಯಲು ಮನೆಗೆ ಬಂದೆ. ಐದು ದಿನದಿಂದ ಆಸ್ಪತ್ರೆ. ಆಕ್ಸಿಜನ್ ಇಲ್ಲದೆ ದಿನಾ ಅಷ್ಟಷ್ಟು ಹೊತ್ತು ಇದ್ದಿದ್ದಕ್ಕೆ ಹೃದಯ ಸೋತಿದೆ ಅಂದರು ಡಾಕ್ಟರು. "ಮನೇಲಿ ಯಾರೂ ಗಮನಿಸಲಿಲ್ವ?" ಅಂತ ಕೇಳಿದರು. ದಿನಾ ಗಮನಿಸಿದೆ. ಬ್ಯಾಟರಿಯನ್ನು.

ಛಾವಣಿ ಹತ್ತಿದೆ. ಸೋಲಾರಿನವನು ಕೆಲಸ ಮುಗಿಸಿ ಹೋಗಿದ್ದಾನೆ. ನಿನ್ನೆಯಿಂದ ಗಾಳಿಯೂ ಬೀಸುತ್ತಿದೆ. ಪ್ಯಾನೆಲ್ಲಿನ ಕೆಳಗೆ ಕೈ ತೂರಿಸಿದೆ, ಬೆರಳ ಸಂದಿಯಲ್ಲೆಲ್ಲ ಗಾಳಿ. ಇಳಿದು ಬ್ಯಾಟರಿ ನೋಡಿದೆ. ಇನ್ನೂ ಹತ್ತೂವರೆ, ಆಗಲೇ ಫುಲ್. ಖರ್ಚು ಮಾಡುವವರಿಲ್ಲ.

ಫೋನ್ ಬರುತ್ತಿದೆ. ಆಸ್ಪತ್ರೆಯ ನಂಬರು.

ನಿಂತಿತು.

ಮತ್ತೆ ಬರುತ್ತಿದೆ. ಎತ್ತುತ್ತೇನೆ, ಎತ್ತುತ್ತೇನೆ... ಇದನ್ನು ಬರೆಯುತ್ತಿರುವಷ್ಟು ಹೊತ್ತು ಅಪ್ಪ ಇನ್ನೂ